ಚದುರಿ ಹೋಗಿರೋ ಫೋಟೋಗಳನ್ನ ಒಟ್ಟಿಗೆ ಸೆಲೆಕ್ಟ್ ಮಾಡೋದು ಹೆಂಗೆ: ಫೈಲ್ ಮ್ಯಾನೇಜರಲ್ಲಿ ಲಾಸೋ ಇಲ್ದೇ ಇದ್ರೂ ಆಗುತ್ತೆ

ಶಿಡ್ಲಘಟ್ಟದಲ್ಲಿ ನಮ್ದೊಂದು ಸಣ್ಣ ಸ್ಟುಡಿಯೋ, ಮದುವೆ ಫೋಟೋ, ಪಾಸ್‌ಪೋರ್ಟ್ ಸೈಜ್ ಫೋಟೋ, ಜೆರಾಕ್ಸ್, ಫ್ಲೆಕ್ಸ್ ಡಿಸೈನ್ ಎಲ್ಲಾ ಅದೇ ಅಂಗಡೀಲಿ. ಮದುವೆ ಆದ ಮೇಲೆ ಆಲ್ಬಂಗೆ ಫೋಟೋ ಆರಿಸೋಕೆ ಮನೆಯವ್ರೆಲ್ಲಾ ಬಂದು ಕೂರ್ತಾರೆ, ಹುಡುಗಿ ಕಡೆಯವ್ರು, ಅವ್ರ ಅಜ್ಜಿ, ಚಿಕ್ಕಮ್ಮ, ಎರಡು ಮಕ್ಕಳು, ಎಲ್ರೂ ಒಂದೇ ಸ್ಕ್ರೀನ್ ನೋಡ್ತಾ "ಅದು ಇರ್ಲಿ, ಅದು ಬೇಡ, ಅದ್ರ ಕೆಳಗಡೇದು ಇರ್ಲಿ, ಅಯ್ಯೋ ಅದ್ರಲ್ಲಿ ನಮ್ಮ ಭಾವ ಕಣ್ಣು ಮುಚ್ಚವ್ರೆ ತೆಗೀರಿ" ಅಂತ ಒಟ್ಟಿಗೆ ಹೇಳ್ತಿರ್ತಾರೆ. ಎರಡು ದಿನದ ಮದುವೆ ಅಂದ್ರೆ ಸಾವಿರದ ಎಂಟುನೂರು ಫೋಟೋ ಸಲೀಸಾಗಿ ಆಗುತ್ತೆ, ಅದ್ರಲ್ಲಿ ಮುನ್ನೂರು ಆರಿಸ್ಬೇಕು, ಆ ಮುನ್ನೂರು ಯಾವತ್ತೂ ಸಾಲಾಗಿ ಒಂದೇ ಕಡೆ ಇರಲ್ಲ.

ಹೋದ ಸಲ ಹಿಂಗೇ ಕೂತಿದ್ದಾಗ ಆ ಮನೆಯ ಹುಡುಗ, ಡಿಪ್ಲೊಮಾ ಓದ್ತಾನೆ, ನಂಗೊಂದು ಪ್ರಶ್ನೆ ಕೇಳ್ದ. "ಅಣ್ಣಾ, ಫೋಟೋಶಾಪಲ್ಲಿ ಮುಖದ ಸುತ್ತ ಕೈಯಲ್ಲೇ ಗೆರೆ ಎಳ್ದು ಸೆಲೆಕ್ಟ್ ಮಾಡಿದ್ರಲ್ಲ, ಇಲ್ಲಿ ಫೋಲ್ಡರಲ್ಲಿ ಫೋಟೋಗಳ ಸುತ್ತ ಹಂಗೇ ಗೆರೆ ಎಳ್ಯೋಕೆ ಆಗಲ್ವಾ?" ಅಂದ. ತುಂಬಾ ಸರಿಯಾದ ಪ್ರಶ್ನೆ ಅದು. ಆಗಲ್ಲಪ್ಪ ಅಂತ ಅಷ್ಟೇ ಹೇಳಿ ಕಳಿಸೋಕೆ ಮನಸ್ಸು ಬರ್ಲಿಲ್ಲ, ಬದಲಿಗೆ ಏನ್ ಮಾಡ್ಬಹುದು ಅಂತ ಕೂತು ತೋರಿಸ್ದೆ, ಅದನ್ನೇ ಇಲ್ಲಿ ಪೂರ್ತಿ ಬರೀತಿದೀನಿ. ಫೋಟೋಗೆ ಮಾತ್ರ ಅಲ್ಲ, ಆಫೀಸ್ ಫೈಲು, ಪಹಣಿ ಸ್ಕ್ಯಾನು, ಕಾಲೇಜ್ ನೋಟ್ಸು ಯಾವುದಕ್ಕೆ ಬೇಕಾದ್ರೂ ಇದೇ ವಿದ್ಯೆ ನಡೆಯುತ್ತೆ.

ಲಾಸೋ ಅಂದ್ರೇನು, ಫೋಲ್ಡರಲ್ಲಿ ಯಾಕಿಲ್ಲ

ಲಾಸೋ ಅಂದ್ರೆ ದನ ಹಿಡಿಯೋಕೆ ಎಸೆಯೋ ಉರುಲು ಹಗ್ಗ. 1984ರಲ್ಲಿ ಆಪಲ್‌ನವ್ರ ಮೊದಲ ಮ್ಯಾಕಿಂಟಾಷ್ ಬಂದಾಗ ಅದ್ರ ಜೊತೆ ಮ್ಯಾಕ್‌ಪೇಂಟ್ ಅಂತ ಚಿತ್ರ ಬಿಡಿಸೋ ಪ್ರೋಗ್ರಾಂ ಬಂತು, ಬಿಲ್ ಅಟ್ಕಿನ್ಸನ್ ಬರೆದಿದ್ದು, ಅದ್ರಲ್ಲೇ ಎರಡೂ ಇತ್ತು: ಚೌಕವಾಗಿ ಸೆಲೆಕ್ಟ್ ಮಾಡೋದು ಒಂದು, ಕೈಗೆ ಬಂದ ಹಾಗೆ ಸುತ್ತು ಹಾಕಿ ಸೆಲೆಕ್ಟ್ ಮಾಡೋ ಲಾಸೋ ಇನ್ನೊಂದು. ಆಮೇಲೆ ಫೋಟೋಶಾಪಿಗೆ ಬಂತು, ಗಿಂಪ್‌ನಲ್ಲಿ ಫ್ರೀ ಸೆಲೆಕ್ಟ್ ಅಂತ ಇದೆ, ಒನ್‌ನೋಟಲ್ಲಿ ಪೆನ್ನಲ್ಲಿ ಬರೆದಿದ್ದನ್ನ ಸುತ್ತು ಹಾಕಿ ಹಿಡಿಯೋಕೂ ಲಾಸೋ ಇದೆ, ಪವರ್‌ಪಾಯಿಂಟಿನ ಡ್ರಾ ಟ್ಯಾಬಲ್ಲೂ ಇದೆ. ಆದ್ರೆ ಫೋಲ್ಡರ್ ತೆಗೆದು ಫೈಲ್ ತೋರಿಸೋ ಫೈಲ್ ಮ್ಯಾನೇಜರ್‌ಗಳಲ್ಲಿ, ವಿಂಡೋಸ್‌ನ ಫೈಲ್ ಎಕ್ಸ್‌ಪ್ಲೋರರ್, ಮ್ಯಾಕ್‌ನ ಫೈಂಡರ್, ಲಿನಕ್ಸಿನ ಡಾಲ್ಫಿನ್, ನಾಟಿಲಸ್ ಯಾವುದನ್ನ ತಗೊಂಡ್ರೂ ಮೌಸ್ ಎಳೆದ್ರೆ ಬರೋದು ಚೌಕವೇ.

ಚೌಕದ ಲೆಕ್ಕ ಕಂಪ್ಯೂಟರಿಗೆ ತುಂಬಾ ಸುಲಭ, ಎಡ ಬಲ ಮೇಲೆ ಕೆಳಗೆ ನಾಲ್ಕು ಅಂಚು ನೋಡಿದ್ರೆ ಮುಗೀತು. ಅಂಕುಡೊಂಕು ಗೆರೆಯೊಳಗೆ ಐಕಾನ್ ಇದೆಯೋ ಇಲ್ವೋ ಅಂತ ಹೇಳೋಕೆ ಸ್ವಲ್ಪ ಜಾಸ್ತಿ ಕೆಲಸ, ಆದ್ರೆ ಅದೇನೂ ಆಗದೇ ಇರೋದಲ್ಲ. ನಮ್ ಕಡೆ ಹಿಪ್ಪುನೇರಳೆ ತೋಟಕ್ಕೆ ಬೇಲಿ ಹಾಕಿರ್ತೀವಲ್ಲ, ಹೊಲದ ಆಕಾರ ಹೆಂಗಿದ್ರೆ ಹಂಗೆ ಬೇಲಿ, ನೀವು ನಿಂತಿರೋ ಜಾಗದಿಂದ ಒಂದೇ ದಿಕ್ಕಿಗೆ ನೇರ ನಡ್ಕೊಂಡು ಊರಾಚೆ ಹೋಗಿಬಿಡಿ, ದಾರೀಲಿ ಬೇಲಿ ಎಷ್ಟು ಸಲ ದಾಟಿದ್ರಿ ಎಣಿಸಿ. ಒಂದು ಸಲ, ಮೂರು ಸಲ, ಐದು ಸಲ ದಾಟಿದ್ರೆ ಮೊದಲು ನಿಂತಿದ್ದು ತೋಟದ ಒಳಗೆ, ದಾಟ್ಲೇ ಇಲ್ಲ ಅಥವಾ ಎರಡು ಸಲ ನಾಲ್ಕು ಸಲ ದಾಟಿದ್ರೆ ಹೊರಗೆ. ಲಾಸೋ ಲೆಕ್ಕ ಇದೇನೇ, ಪ್ರತಿ ಐಕಾನ್‌ಗೂ ಹಿಂಗೆ ಎಣಿಸೋದು. ಇವತ್ತಿನ ಕಂಪ್ಯೂಟರಿಗೆ ಸಾವಿರ ಐಕಾನ್‌ಗೆ ಇದನ್ನ ಮಾಡೋದು ಕಷ್ಟವೇ ಅಲ್ಲ, ಅದಕ್ಕೇ ಇದು ಫೈಲ್ ಮ್ಯಾನೇಜರಿಗೂ ಬರ್ಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ, ಪೆನ್ ಟ್ಯಾಬ್ಲೆಟ್ ಇಟ್ಕೊಂಡು ದಿನಾ ಕೆಲಸ ಮಾಡೋರಿಗಂತೂ ತುಂಬಾ ಉಪಯೋಗ ಆಗುತ್ತೆ. ಬರೋವರೆಗೂ ಕೆಲಸ ನಿಲ್ಲಲ್ವಲ್ಲ, ಈಗ ಇರೋದ್ರಲ್ಲೇ ಹೆಂಗೆ ಮಾಡೋದು ನೋಡೋಣ.

ಮೊದಲು ಪರದೆ ಸರಿ ಮಾಡ್ಕೊಳ್ಳಿ

ಬೇರೆ ಹೇಳದೇ ಇದ್ರೆ ಇಲ್ಲಿ ಹೇಳೋದೆಲ್ಲಾ ವಿಂಡೋಸ್‌ಗೆ. ಫೋಲ್ಡರ್ ತೆಗೆದು ಕಂಟ್ರೋಲ್ ಶಿಫ್ಟ್ 2 ಒತ್ತಿ, ಲಾರ್ಜ್ ಐಕಾನ್ ಆಗುತ್ತೆ, ಇಲ್ಲಾಂದ್ರೆ ಕಂಟ್ರೋಲ್ ಹಿಡ್ಕೊಂಡು ಮೌಸ್ ಚಕ್ರ ತಿರುಗಿಸಿದ್ರೂ ದೊಡ್ಡದು ಚಿಕ್ಕದು ಆಗುತ್ತೆ. ಮುಖ ಗುರುತು ಸಿಗೋಷ್ಟು ದೊಡ್ಡದಿರ್ಬೇಕು, ಆದ್ರೆ ಒಂದು ಸ್ಕ್ರೀನಿಗೆ ಇಪ್ಪತ್ತಾದ್ರೂ ಕಾಣ್ಬೇಕು, ಎಕ್ಸ್‌ಟ್ರಾ ಲಾರ್ಜ್ ಮಾಡಿದ್ರೆ ಆರೋ ಎಂಟೋ ಕಾಣುತ್ತೆ ಅಷ್ಟೇ, ಆಮೇಲೆ ಸ್ಕ್ರೋಲ್ ಮಾಡಿ ಮಾಡಿ ಸುಸ್ತು.

ಇನ್ನೊಂದು ಮುಖ್ಯವಾದ್ದು ಸಾರ್ಟಿಂಗ್. ಈಗೆಲ್ಲಾ ಮದುವೆಗೆ ಇಬ್ರು ಹೋಗ್ತೀವಿ, ಒಬ್ರು ಟ್ರಡಿಷನಲ್ ಇನ್ನೊಬ್ರು ಕ್ಯಾಂಡಿಡ್, ಎರಡು ಕ್ಯಾಮೆರಾ ಫೈಲ್ ಹೆಸರೂ ಬೇರೆ ಬೇರೆ, ಹೆಸರಿನ ಪ್ರಕಾರ ಜೋಡಿಸಿದ್ರೆ ಧಾರೆ ಫೋಟೋ ಅರ್ಧ ಮೇಲೆ ಇನ್ನರ್ಧ ಒಂಬೈನೂರು ಫೋಟೋ ಆದ್ಮೇಲೆ ಬರುತ್ತೆ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್ ಮಾಡಿ ಸಾರ್ಟ್ ಬೈ ಒಳಗೆ ಡೇಟ್ ಟೇಕನ್ ಹಾಕಿ, ಪಟ್ಟೀಲಿ ಕಾಣ್ಲಿಲ್ಲ ಅಂದ್ರೆ ಮೋರ್ ಅಂತ ಇರುತ್ತೆ ಅದ್ರೊಳಗಿದೆ. ಆಗ ಚಪ್ಪರ, ಮುಹೂರ್ತ, ಧಾರೆ, ಊಟ, ರಿಸೆಪ್ಷನ್ ಎಲ್ಲಾ ನಡೆದ ಕ್ರಮದಲ್ಲಿ ಬಂದು ಕೂರುತ್ತೆ, ಬೇಕಾದ ಫೋಟೋಗಳು ಅರ್ಧಕ್ಕರ್ಧ ತಾವೇ ಅಕ್ಕಪಕ್ಕ ಬಂದಿರ್ತವೆ. ಆದ್ರೆ ಎರಡೂ ಕ್ಯಾಮೆರಾ ಗಡಿಯಾರ ಒಂದೇ ಟೈಮ್ ಇರ್ಬೇಕು, ಹೊರಡೋಕೆ ಮುಂಚೇನೇ ಎರಡನ್ನೂ ಪಕ್ಕ ಇಟ್ಕೊಂಡು ಸರಿ ಮಾಡಿ, ಎಂಟು ನಿಮಿಷ ವ್ಯತ್ಯಾಸ ಇದ್ರೂ ತಾಳಿ ಕಟ್ಟೋ ಫೋಟೋ ಒಳಗೆ ಊಟದ ಫೋಟೋ ನುಗ್ಗಿರುತ್ತೆ.

ಕೆಳಗೆ ಎಡಗಡೆ ಮೂಲೇಲಿ ಎಷ್ಟು ಐಟಂ ಸೆಲೆಕ್ಟ್ ಆಗಿದೆ ಅಂತ ನಂಬರ್ ತೋರಿಸ್ತಿರುತ್ತೆ, ಆ ನಂಬರ್ ಮೇಲೆ ಕಣ್ಣಿಟ್ಟಿರಿ. ಮುಂದೆ ಹೇಳೋದೆಲ್ಲಾ ಅದ್ರ ಮೇಲೇ ನಿಂತಿದೆ.

ಬಾಕ್ಸ್ ಹಾಕೋದು, ಬಾಕ್ಸಿಂದ ತೂತು ತೆಗೆಯೋದು

ಇದೇ ಅಸಲಿ ವಿಷಯ, ಹಾಗಾಗಿ ನಿಧಾನವಾಗಿ ಹೇಳ್ತೀನಿ. ಅವತ್ತು ಆ ಹುಡುಗನ ಮುಂದೆ ಸ್ಕ್ರೀನಲ್ಲಿ ಸಾಲಿಗೆ ಆರರಂತೆ ನಾಲ್ಕು ಸಾಲು, ಒಟ್ಟು ಇಪ್ಪತ್ನಾಲ್ಕು ಧಾರೆ ಫೋಟೋ ಇತ್ತು. ಮೊದಲ ಸಾಲು 1ರಿಂದ 6, ಎರಡನೇದು 7ರಿಂದ 12, ಮೂರನೇದು 13ರಿಂದ 18, ಕೊನೇದು 19ರಿಂದ 24 ಅಂತ ಇಟ್ಕೊಳ್ಳಿ. ಅವ್ರಿಗೆ ಬೇಕಾಗಿದ್ದು ನಡುವಿನ ನಾಲ್ಕು ಕಂಬ, ಅಂದ್ರೆ ಪ್ರತಿ ಸಾಲಲ್ಲೂ ಎರಡನೇ ಫೋಟೋಯಿಂದ ಐದನೇದ್ರವರೆಗೆ ಇರೋವು, ಆದ್ರೆ ಅದ್ರ ಒಳಗಡೆ ಇರೋ 9, 10, 15, 16 ಬೇಡ, ಆ ನಾಲ್ಕರಲ್ಲೂ ಪುರೋಹಿತ್ರು ಅಡ್ಡ ಬಂದಿದ್ರು. ಜೊತೆಗೆ ಬಲಗಡೆ ಮೂಲೇಲಿ 6 ಮತ್ತೆ 12 ಬೇಕು. ಕೈಯಲ್ಲಿ ಗೆರೆ ಎಳೆದ್ರೆ ಇದೊಂದು ಬಳೆ, ಬಳೆಗೆ ಪಕ್ಕದಲ್ಲೊಂದು ಬಾಲ.

ಮೊದಲನೇ ಹೆಜ್ಜೆ. 1 ಮತ್ತೆ 2ರ ನಡುವೆ ಮೇಲ್ಗಡೆ ಖಾಲಿ ಜಾಗ ಇರುತ್ತೆ, ಅಲ್ಲಿ ಮೌಸಿನ ಎಡ ಬಟನ್ ಒತ್ತಿ ಹಿಡ್ಕೊಂಡು ಕೆಳಗೆ 23ರವರೆಗೆ ಓರೆಯಾಗಿ ಎಳೀರಿ. ನೀಲಿ ಬಣ್ಣದ ಬಾಕ್ಸ್ ಬರುತ್ತೆ, ಅದು ಮುಟ್ಟಿದ್ದೆಲ್ಲಾ ಸೆಲೆಕ್ಟ್ ಆಗುತ್ತೆ, ಪೂರ್ತಿ ಒಳಗೆ ಬರ್ಬೇಕು ಅಂತೇನಿಲ್ಲ ಸ್ವಲ್ಪ ತಾಗಿದ್ರೆ ಸಾಕು. ಕೈ ಬಿಡಿ. ಕೆಳಗೆ 16 ಅಂತ ತೋರಿಸ್ಬೇಕು.

ಎರಡನೇದು. ಈಗ ಕೀಬೋರ್ಡಲ್ಲಿ ಕಂಟ್ರೋಲ್ ಒತ್ತಿ ಹಿಡ್ಕೊಳ್ಳಿ, ಬಿಡಬೇಡಿ, 9ರ ಮೇಲಿನ ಎಡ ಮೂಲೆ ಪಕ್ಕದ ಖಾಲಿ ಜಾಗದಿಂದ ಶುರು ಮಾಡಿ 16ರವರೆಗೆ ಇನ್ನೊಂದು ಸಣ್ಣ ಬಾಕ್ಸ್ ಎಳೀರಿ. ಮುಂಚೆ ಸೆಲೆಕ್ಟ್ ಆಗಿದ್ದ ಆ ನಾಲ್ಕೂ ಈಗ ಆಫ್ ಆಗ್ತವೆ, ಉಳಿದಿದ್ದು ಹಂಗೇ ಇರುತ್ತೆ. ನಂಬರ್ 12ಕ್ಕೆ ಇಳಿಯುತ್ತೆ. ಬಳೆ ಸಿಕ್ತು ನೋಡಿ.

ಮೂರನೇದು. ಕಂಟ್ರೋಲ್ ಹಿಡ್ಕೊಂಡೇ 6ರ ಪಕ್ಕ ಬಲಗಡೆ ಖಾಲಿ ಜಾಗದಿಂದ 12ರವರೆಗೆ ಸಣ್ಣದಾಗಿ ಎಳೀರಿ, ನಂಬರ್ 14 ಆಗುತ್ತೆ.

ಇಲ್ಲಿ ಏನ್ ನಡೀತಿದೆ ಅಂದ್ರೆ ಕಂಟ್ರೋಲ್ ಹಿಡಿದು ಎಳೆದ ಬಾಕ್ಸು ಬರೀ ಸೇರಿಸೋದಲ್ಲ, ಉಲ್ಟಾ ಮಾಡೋದು. ಆಫ್ ಇದ್ದಿದ್ದು ಆನ್ ಆಗುತ್ತೆ, ಆನ್ ಇದ್ದಿದ್ದು ಆಫ್ ಆಗುತ್ತೆ, ಮನೆ ಲೈಟ್ ಸ್ವಿಚ್ ಇದ್ದ ಹಾಗೆ. ತುಂಬಾ ಜನ ಕಂಟ್ರೋಲ್ ಅಂದ್ರೆ ಇನ್ನಷ್ಟು ಸೇರಿಸೋಕೆ ಅಂತ ಮಾತ್ರ ತಿಳ್ಕೊಂಡಿರ್ತಾರೆ, ಕಳೆಯೋಕೂ ಅದೇ ಅಂತ ಗೊತ್ತಾದ ದಿನ ಅವ್ರ ಕೆಲಸ ಅರ್ಧಕ್ಕೆ ಇಳಿಯುತ್ತೆ. ದೊಡ್ಡ ಬಾಕ್ಸ್ ಹಾಕು, ಬೇಡದೇ ಇರೋ ಕಡೆ ಸಣ್ಣ ಬಾಕ್ಸ್ ಹಾಕಿ ತೂತು ಮಾಡು, ಹೊರಗಡೆ ಉಳಿದಿದ್ದಕ್ಕೆ ಇನ್ನೊಂದು ಸಣ್ಣ ಬಾಕ್ಸ್ ಹಾಕು, ಇಷ್ಟರಲ್ಲೇ ಎಂಥಾ ಆಕಾರ ಬೇಕಾದ್ರೂ ಬರುತ್ತೆ.

ಆ ಮೂರನೇ ಹೆಜ್ಜೇಲಿ ಹುಡುಗ ಒಂದು ತಪ್ಪು ಮಾಡ್ದ, ಎಲ್ರಿಗೂ ಆಗೋ ತಪ್ಪೇ ಅದು. 6, 12ಕ್ಕೆ ಬಾಕ್ಸ್ ಎಳೆಯುವಾಗ ಬಾಕ್ಸು ಸ್ವಲ್ಪ ಎಡಕ್ಕೆ ಹೋಗಿ 5 ಮತ್ತೆ 11ಕ್ಕೂ ತಾಗಿಬಿಡ್ತು. ಹೊಸದಾಗಿ ಎರಡು ಸೇರಿತು, ಹಳೇದು ಎರಡು ಹೋಯ್ತು, ನಂಬರ್ 12 ಇದ್ದಿದ್ದು 12ರಲ್ಲೇ ನಿಂತಿತ್ತು. ಸ್ಕ್ರೀನ್ ನೋಡಿದ್ರೆ ಅಷ್ಟೊಂದು ನೀಲಿ ಮಧ್ಯೆ ಗೊತ್ತೇ ಆಗಲ್ಲ, ನಂಬರ್ ನೋಡಿದ್ರಿಂದ ಗೊತ್ತಾಯ್ತು. ಸರಿ ಮಾಡೋದು ಸುಲಭ, ಅದೇ ಬಾಕ್ಸನ್ನ ಕಂಟ್ರೋಲ್ ಹಿಡಿದು ಅದೇ ನಾಲ್ಕರ ಮೇಲೆ ಇನ್ನೊಂದು ಸಲ ಎಳೆದ್ರೆ ಎಲ್ಲಾ ಮೊದಲಿದ್ದ ಹಾಗೇ ವಾಪಸ್ ಬರುತ್ತೆ, ಸ್ವಿಚ್ ಎರಡು ಸಲ ಒತ್ತಿದ ಹಾಗೆ. ಆಮೇಲೆ ಸರಿಯಾಗಿ 6, 12ಕ್ಕೆ ಮಾತ್ರ ಎಳೀಬಹುದು.

ಲಿನಕ್ಸಲ್ಲಿ ಡಾಲ್ಫಿನ್ ಬಳಸೋರಿಗೆ ಇನ್ನೊಂದು ಅನುಕೂಲ ಇದೆ. ಅಲ್ಲಿ ಕಂಟ್ರೋಲ್ ಹಿಡಿದು ಎಳೆದ್ರೆ ಉಲ್ಟಾ ಆಗುತ್ತೆ, ಶಿಫ್ಟ್ ಹಿಡಿದು ಎಳೆದ್ರೆ ಸೇರುತ್ತೆ ಅಷ್ಟೇ, ಕಳೆಯಲ್ಲ. ಹಾಗಾಗಿ ಸೇರಿಸುವಾಗ ಶಿಫ್ಟ್, ತೂತು ಮಾಡುವಾಗ ಕಂಟ್ರೋಲ್ ಅಂತ ಅಭ್ಯಾಸ ಮಾಡ್ಕೊಂಡ್ರೆ ಮೇಲೆ ಹೇಳಿದ ತಪ್ಪು ಆಗೋದೇ ಇಲ್ಲ. ಮ್ಯಾಕಲ್ಲಿ ಒಂದೊಂದೇ ಸೇರಿಸೋಕೆ ತೆಗೆಯೋಕೆ ಕಂಟ್ರೋಲ್ ಬದಲು ಕಮಾಂಡ್ ಕೀ.

ಕಂಟ್ರೋಲ್ ಹಿಡಿದಾಗ ಐಕಾನ್ ಮೇಲಿಂದ ಎಳೀಬೇಡಿ

ಇದನ್ನ ದಪ್ಪ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸ್ಬೇಕು. ಬಾಕ್ಸ್ ಬರೋದು ಖಾಲಿ ಜಾಗದಿಂದ ಶುರು ಮಾಡಿದ್ರೆ ಮಾತ್ರ. ಕಂಟ್ರೋಲ್ ಹಿಡ್ಕೊಂಡು ಐಕಾನ್ ಮೇಲೇನೇ ಒತ್ತಿ ಎಳೆದ್ರೆ ಕಂಪ್ಯೂಟರ್ ತಿಳ್ಕೊಳ್ಳೋದು ಇವ್ರು ಕಾಪಿ ಮಾಡ್ತಿದಾರೆ ಅಂತ, ಅದೇ ಫೋಲ್ಡರೊಳಗೆ ಸೆಲೆಕ್ಟ್ ಆಗಿದ್ದಷ್ಟೂ ಫೈಲಿಗೆ ಹೆಸರಿನ ಕೊನೇಲಿ ಕಾಪಿ ಅಂತ ಸೇರ್ಕೊಂಡು ಇನ್ನೊಂದು ಜೊತೆ ಹುಟ್ಟುತ್ತೆ. ಕಂಟ್ರೋಲ್ ಹಿಡಿದು ಒಂದೊಂದೇ ಕ್ಲಿಕ್ ಮಾಡುವಾಗ ಕೈ ಸ್ವಲ್ಪ ಜಾರಿದ್ರೂ ಇದು ಆಗುತ್ತೆ, ಹಳೇ ಮೌಸ್ ಇದ್ರಂತೂ ಜಾಸ್ತಿ.

ನನಗೇ ಆಗಿದೆ. ಮೂರು ವರ್ಷದ ಹಿಂದೆ ಮಾಘ ಮಾಸ, ಒಂದೇ ವಾರದಲ್ಲಿ ನಾಲ್ಕು ಮದುವೆ, ರಾತ್ರಿ ಹನ್ನೊಂದು ಗಂಟೇಲಿ ಆರಿಸ್ತಾ ಕೂತಿದ್ದೆ, ಎಂಬತ್ತು ಫೋಟೋ ಸೆಲೆಕ್ಟ್ ಆಗಿತ್ತು, ಎಂಬತ್ತೊಂದನೇದಕ್ಕೆ ಕೈ ಜಾರ್ತು, ಎಂಬತ್ತೂ ಡಬಲ್ ಆಗಿತ್ತು, ನೋಡ್ಲಿಲ್ಲ. ಹಂಗೇ ಪೇಜ್ ಡಿಸೈನಿಗೆ ಹೋಗಿ ಎರಡು ಪೇಜಲ್ಲಿ ಒಂದೇ ಫೋಟೋ ಬಂದು ಪ್ರಿಂಟ್ ಆಗಿ ಬಂತು. ಹುಡುಗಿ ತಂದೆ ಆಲ್ಬಂ ತಿರುವಿ ನೋಡಿ ಏನೂ ಬೈಲಿಲ್ಲ, "ಇದೇ ಎರಡು ಸಲ ಬಂದೈತಲ್ಲಪ್ಪ" ಅಂತ ಮೆತ್ತಗೆ ಅಂದ್ರು, ಆ ಎರಡು ಶೀಟ್ ನನ್ನ ಖರ್ಚಲ್ಲೇ ಮತ್ತೆ ಹಾಕಿಸ್ಕೊಟ್ಟೆ. ಅವತ್ತಿಂದ ಏನೇ ವಿಚಿತ್ರ ಆದ್ರೂ ಮೊದಲು ಕಂಟ್ರೋಲ್ ಝೆಡ್ ಒತ್ತಿ ಬಿಡ್ತೀನಿ. ತಕ್ಷಣ ಒತ್ತಿದ್ರೆ ಹುಟ್ಟಿದ ಕಾಪಿಗಳೆಲ್ಲಾ ವಾಪಸ್ ಹೋಗ್ತವೆ. ಆದ್ರೆ ಒಂದು ನೆನಪಿಡಿ, ಕಂಟ್ರೋಲ್ ಝೆಡ್ ಕಾಪಿ ಆಗಿದ್ದನ್ನ ತೆಗೆಯುತ್ತೆ, ಕಳ್ಕೊಂಡ ಸೆಲೆಕ್ಷನ್ ವಾಪಸ್ ತರಲ್ಲ.

ಕೈ ನಡುಗೋರಿಗೆ, ಲ್ಯಾಪ್‌ಟಾಪ್ ಟಚ್‌ಪ್ಯಾಡಲ್ಲಿ ಮಾಡೋರಿಗೆ ಚೆಕ್‌ಬಾಕ್ಸ್ ಹಾಕ್ಕೊಳ್ಳೋದೇ ವಾಸಿ. ವಿಂಡೋಸ್ 11ರಲ್ಲಿ ವ್ಯೂ, ಅದ್ರಲ್ಲಿ ಶೋ, ಅದ್ರಲ್ಲಿ ಐಟಂ ಚೆಕ್ ಬಾಕ್ಸಸ್. ವಿಂಡೋಸ್ 10ರಲ್ಲಿ ವ್ಯೂ ಟ್ಯಾಬಲ್ಲೇ ಕಾಣುತ್ತೆ. ಹಾಕಿದ್ಮೇಲೆ ಪ್ರತಿ ಐಕಾನ್ ಮೂಲೇಲಿ ಮೌಸ್ ಹೋದಾಗ ಸಣ್ಣ ಚೌಕ ಬರುತ್ತೆ, ಅದ್ರ ಮೇಲೆ ಟಿಕ್ ಮಾಡ್ತಾ ಹೋಗಿ, ಕಂಟ್ರೋಲ್ ಹಿಡಿಯೋದೇ ಬೇಡ. ನಿಧಾನ ಆಗುತ್ತೆ ಆದ್ರೆ ಭದ್ರ. ನಮ್ಮ ಅಂಗಡೀಲಿ ಮನೆಯವ್ರ ಕೈಗೇ ಮೌಸ್ ಕೊಟ್ಟಾಗ ನಾನು ಇದನ್ನೇ ಹಾಕಿ ಕೊಡೋದು.

ಸಾಲಿನ ಲೆಕ್ಕ ಬೇರೆ, ಚೌಕದ ಲೆಕ್ಕ ಬೇರೆ

ಶಿಫ್ಟ್ ಕ್ಲಿಕ್ ಎಲ್ರಿಗೂ ಗೊತ್ತಿರುತ್ತೆ, ಮೊದಲನೇದು ಕ್ಲಿಕ್ ಮಾಡಿ ಕೊನೇದ್ರ ಮೇಲೆ ಶಿಫ್ಟ್ ಹಿಡಿದು ಕ್ಲಿಕ್ ಮಾಡಿದ್ರೆ ನಡುವಿಂದೆಲ್ಲಾ ಬರುತ್ತೆ. ಆದ್ರೆ ಅದು ಪುಸ್ತಕ ಓದಿದ ಹಾಗೆ ಸಾಲಿಂದ ಸಾಲಿಗೆ ಹೋಗೋದು, 3ರಿಂದ 14ರವರೆಗೆ ಅಂದ್ರೆ 3, 4, 5, 6, 7 ಅಂತ ಹನ್ನೆರಡೂ ಬರುತ್ತೆ, ಬಾಕ್ಸ್ ಎಳೆದ ಹಾಗೆ ಬರೀ ಕಂಬ ಬರಲ್ಲ. ಒಂದೇ ಶಾಸ್ತ್ರದ ಫೋಟೋ ಪೂರ್ತಿ ಬೇಕಾದಾಗ ಇದು ಚೆನ್ನ. ಒಂದು ಶಾಸ್ತ್ರ ಆಯ್ತು, ದೂರದಲ್ಲಿರೋ ಇನ್ನೊಂದು ಶಾಸ್ತ್ರಾನೂ ಸೇರಿಸ್ಬೇಕು ಅಂದ್ರೆ ಅಲ್ಲಿ ಮೊದಲನೇದ್ರ ಮೇಲೆ ಕಂಟ್ರೋಲ್ ಕ್ಲಿಕ್ ಮಾಡಿ, ಕೊನೇದ್ರ ಮೇಲೆ ಕಂಟ್ರೋಲ್ ಶಿಫ್ಟ್ ಎರಡೂ ಹಿಡಿದು ಕ್ಲಿಕ್ ಮಾಡಿ, ಹಳೇದೂ ಇರುತ್ತೆ ಹೊಸದೂ ಸೇರುತ್ತೆ.

ಇದ್ರ ಜೊತೆ ನಂಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ, ವಿಂಡೋ ಅಗಲ ಬದಲಾಯಿಸೋದು. ನಂದಿ ಬೆಟ್ಟದಲ್ಲಿ ಬೆಳಗಿನ ಜಾವ ಪ್ರೀ ವೆಡ್ಡಿಂಗ್ ಶೂಟ್ ಮಾಡಿದ್ರೆ ಹಿಂದೆ ಆಕಾಶ ಬೆಳಗಿರುತ್ತೆ, ಮುಂದೆ ಜೋಡಿ ಮೇಲೆ ಕತ್ತಲೆ, ಅದಕ್ಕೆ ಕ್ಯಾಮೆರಾನ ಬ್ರಾಕೆಟಿಂಗ್‌ಗೆ ಹಾಕಿರ್ತೀವಿ, ಒಂದು ಸಲಕ್ಕೆ ಮೂರು ಫೋಟೋ, ಒಂದು ಸರಿಯಾದ್ದು, ಒಂದು ಕಪ್ಪಗೆ, ಒಂದು ಬೆಳ್ಳಗೆ. ನೂರು ಸಲ ಒತ್ತಿದ್ರೆ ಮುನ್ನೂರು ಫೈಲ್, ಅದ್ರಲ್ಲಿ ಪ್ರತಿ ಮೂರಕ್ಕೆ ಒಂದು ಮಾತ್ರ ಬೇಕು. ಒಂದೊಂದೇ ಕ್ಲಿಕ್ ಮಾಡಿದ್ರೆ ನೂರು ಕ್ಲಿಕ್. ಅದರ ಬದಲು ವಿಂಡೋ ಅಂಚು ಹಿಡಿದು ಕಿರಿದು ಮಾಡ್ತಾ ಬನ್ನಿ, ಸಾಲಿಗೆ ಸರಿಯಾಗಿ ಮೂರೇ ಫೋಟೋ ಬರೋ ಹಾಗೆ ನಿಲ್ಲಿಸಿ. ಈಗ ಸರಿಯಾದವೆಲ್ಲಾ ಒಂದು ಕಂಬ, ಕಪ್ಪಗಿರೋದೆಲ್ಲಾ ಇನ್ನೊಂದು ಕಂಬ, ಬೆಳ್ಳಗಿರೋದು ಮತ್ತೊಂದು. ಬೇಕಾದ ಕಂಬದ ತಲೆ ಮೇಲಿಂದ ಉದ್ದಕ್ಕೆ ಒಂದು ಬಾಕ್ಸ್ ಎಳ್ಕೊಂಡು ಕೆಳಗೆ ಬನ್ನಿ, ಅಂಚಿಗೆ ಹೋದ್ರೆ ತಾನೇ ಸ್ಕ್ರೋಲ್ ಆಗುತ್ತೆ, ಕೊನೇವರೆಗೆ ಹೋಗಿ ಕೈ ಬಿಟ್ರೆ ನೂರೂ ಸಿಕ್ತು. ಇದಕ್ಕೆ ಲಾಸೋ ಇದ್ದಿದ್ರೂ ಇಷ್ಟು ಸಲೀಸಾಗಿ ಆಗ್ತಿರ್ಲಿಲ್ಲ. ಒಂದೇ ಷರತ್ತು, ನಡುವೆ ಯಾವ್ದೂ ಡಿಲೀಟ್ ಆಗಿರ್ಬಾರ್ದು, ಒಂದು ಹೋಗಿದ್ರೂ ಅಲ್ಲಿಂದ ಮುಂದಕ್ಕೆ ಕಂಬ ಒಂದು ಮನೆ ಪಕ್ಕಕ್ಕೆ ಸರಿಯುತ್ತೆ. ಹಾಗೇನೇ ಸೆಲೆಕ್ಟ್ ಮಾಡ್ತಿರುವಾಗ ಮಧ್ಯದಲ್ಲಿ ವಿಂಡೋ ಅಗಲ ಬದಲಾಯಿಸ್ಬೇಡಿ, ಸೆಲೆಕ್ಷನ್ ಹೋಗಲ್ಲ ಆದ್ರೆ ಆಕಾರ ಎಲ್ಲಾ ಚೆಲ್ಲಾಪಿಲ್ಲಿ ಆಗಿ ನೀವೆಲ್ಲಿದ್ರಿ ಅಂತ ಗೊತ್ತಾಗಲ್ಲ.

ಬೇಡದೇ ಇರೋದು ಕಮ್ಮಿ ಇದ್ರೆ ಅದನ್ನೇ ಹಿಡೀರಿ

ನಮ್ಮೂರಲ್ಲಿ ರೇಷ್ಮೆ ಗೂಡು ಬಿಡಿಸೋದು ನೋಡಿರೋರಿಗೆ ಇದು ಹೇಳ್ಬೇಕಾಗೇ ಇಲ್ಲ. ಚಂದ್ರಿಕೆಯಿಂದ, ಅಂದ್ರೆ ಹುಳ ಗೂಡು ಕಟ್ಟೋ ತಟ್ಟೆಯಿಂದ, ಬಿಡಿಸಿ ರಾಶಿ ಹಾಕಿದ್ಮೇಲೆ ಒಳ್ಳೇ ಗೂಡನ್ನ ಒಂದೊಂದೇ ಎತ್ತಿಡಲ್ಲ, ಕಲೆ ಗೂಡು, ಜೋಡಿ ಗೂಡು ಮಾತ್ರ ಎತ್ತಿ ಆಚೆ ಹಾಕ್ತಾರೆ, ಉಳಿದಿದ್ದೆಲ್ಲಾ ಮಾರ್ಕೆಟ್ಟಿಗೆ. ಫೋಲ್ಡರಲ್ಲೂ ಅದೇ. ಅರವತ್ತರಲ್ಲಿ ಎಂಟು ಬೇಡ ಅಂದ್ರೆ ಆ ಎಂಟನ್ನ ಸೆಲೆಕ್ಟ್ ಮಾಡಿ ಆಮೇಲೆ ಇನ್ವರ್ಟ್ ಸೆಲೆಕ್ಷನ್ ಕೊಡಿ, ಐವತ್ತೆರಡು ಬರುತ್ತೆ. ವಿಂಡೋಸ್ 11ರಲ್ಲಿ ಮೇಲ್ಗಡೆ ಮೂರು ಚುಕ್ಕಿ ಇರುತ್ತಲ್ಲ ಅದ್ರೊಳಗಿದೆ, 10ರಲ್ಲಿ ಹೋಮ್ ಟ್ಯಾಬಿನ ಬಲ ತುದೀಲಿ. ನಾಟಿಲಸ್ಸಲ್ಲಿ ಕಂಟ್ರೋಲ್ ಶಿಫ್ಟ್ ಐ, ಡಾಲ್ಫಿನ್ನಲ್ಲಿ ಕಂಟ್ರೋಲ್ ಶಿಫ್ಟ್ ಎ.

ಚೀಟೀಲಿ ನಂಬರ್ ಬರ್ಕೊಂಡು ಬಂದ್ರೆ

ಬೆಂಗಳೂರಲ್ಲಿ ಇರೋ ಮಕ್ಕಳು ಪೆನ್‌ಡ್ರೈವ್ ತಗೊಂಡು ಹೋಗಿ ಅಲ್ಲೇ ನೋಡಿ ಫೈಲ್ ನಂಬರ್‌ಗಳನ್ನ ವಾಟ್ಸಾಪಲ್ಲಿ ಕಳಿಸ್ತಾರೆ, 4512, 4530, 4577 ಹಿಂಗೆ. ಇದಕ್ಕೆ ಬಾಕ್ಸೂ ಬೇಡ ಲಾಸೋನೂ ಬೇಡ. ಆ ಫೋಲ್ಡರ್ ತೆಗೆದು ಬಲಗಡೆ ಮೇಲಿರೋ ಸರ್ಚ್ ಜಾಗದಲ್ಲಿ ಮೊದಲನೇ ಫೈಲಿನ ಹೆಸರು ಇರೋ ಹಾಗೇ ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ಇಂಗ್ಲಿಷಲ್ಲಿ OR ಅನ್ನೋ ಪದ, ಅಂದ್ರೆ ಓ ಮತ್ತೆ ಆರ್ ಎರಡೂ ದೊಡ್ಡ ಅಕ್ಷರದಲ್ಲಿ, ಮತ್ತೆ ಸ್ಪೇಸ್ ಬಿಟ್ಟು ಎರಡನೇ ಹೆಸರು, ಮತ್ತೆ ಅದೇ ಪದ, ಮೂರನೇ ಹೆಸರು, ಹಿಂಗೇ ಮುಂದುವರೆಸಿ. ಸಣ್ಣ ಅಕ್ಷರದಲ್ಲಿ ಹಾಕಿದ್ರೆ ಕೆಲಸ ಮಾಡಲ್ಲ. ಕೇಳಿದಷ್ಟೇ ಫೋಟೋ ಎದುರಿಗೆ ಬರುತ್ತೆ, ಕಂಟ್ರೋಲ್ ಎ ಒತ್ತಿದ್ರೆ ಎಲ್ಲಾ ಸೆಲೆಕ್ಟ್. ಒಂದು ಎಚ್ಚರಿಕೆ, ಸರ್ಚು ಒಳಗಿರೋ ಫೋಲ್ಡರ್‌ಗಳನ್ನೂ ಹುಡುಕುತ್ತೆ, ರಾ ಫೈಲ್ (ಕ್ಯಾಮೆರಾ ಕೊಡೋ ಕಚ್ಚಾ ಫೈಲ್) ಕೂಡ ಅದೇ ಹೆಸರಲ್ಲಿ ಅದೇ ಜಾಗದಲ್ಲಿ ಇಟ್ಟಿದ್ರೆ ಅದೂ ಬರುತ್ತೆ, ಆಗ ನಂಬರ್ ಡಬಲ್ ತೋರಿಸುತ್ತೆ. ನಾನು ರಾ ಫೋಲ್ಡರನ್ನ ಬೇರೆ ಡ್ರೈವಲ್ಲೇ ಇಡ್ತೀನಿ.

ಲಿನಕ್ಸಲ್ಲಿ ನಾಟಿಲಸ್ ಬಳಸೋರು ಕಂಟ್ರೋಲ್ ಎಸ್ ಒತ್ತಿದ್ರೆ ಪ್ಯಾಟರ್ನ್ ಕೇಳುತ್ತೆ, ನಕ್ಷತ್ರ ಚಿಹ್ನೆ ಹಾಕಿದ್ರೆ ಅಲ್ಲಿ ಏನ್ ಬೇಕಾದ್ರೂ ಇರ್ಬಹುದು ಅಂತ, ಪ್ರಶ್ನಾರ್ಥಕ ಚಿಹ್ನೆ ಹಾಕಿದ್ರೆ ಅಲ್ಲಿ ಒಂದೇ ಅಕ್ಷರ ಅಂತ ಅರ್ಥ.

ಡೆಸ್ಕ್‌ಟಾಪ್ ಮೇಲೆ ಗೆರೆ ಬದಲು ಗುಂಪು

ನಿಜ ಹೇಳ್ಬೇಕಂದ್ರೆ ಲಾಸೋ ಜಾಸ್ತಿ ಬೇಕಾಗೋದು ಡೆಸ್ಕ್‌ಟಾಪ್ ಮೇಲೆ, ಯಾಕಂದ್ರೆ ಅಲ್ಲಿ ಐಕಾನ್‌ಗಳನ್ನ ನಮಗೆ ಬೇಕಾದ ಕಡೆ ಇಡ್ಬಹುದು. ಫೋಲ್ಡರ್ ಒಳಗೆ ವಿಂಡೋಸ್ 7ರಿಂದ ಈಚೆಗೆ ಐಕಾನ್ ತಾನೇ ಸಾಲಾಗಿ ನಿಲ್ಲುತ್ತೆ, ಅದನ್ನ ಬದಲಾಯಿಸೋಕೆ ಬಿಡಲ್ಲ. ಮ್ಯಾಕ್‌ನ ಫೈಂಡರಲ್ಲಿ, ಲಿನಕ್ಸ್ ಮಿಂಟ್‌ನ ನೀಮೋದಲ್ಲಿ ಫೋಲ್ಡರೊಳಗೂ ಬೇಕಾದ ಕಡೆ ಇಡೋಕೆ ಬಿಡ್ತಾರೆ.

ಅದಕ್ಕೆ ಡೆಸ್ಕ್‌ಟಾಪಲ್ಲಿ ಗೆರೆಯನ್ನ ಐಕಾನ್ ಸುತ್ತ ತಿರುಗಿಸೋ ಬದಲು ಐಕಾನನ್ನೇ ಒಂದು ಕಡೆಗೆ ಸೇರಿಸಿ. ಖಾಲಿ ಜಾಗದಲ್ಲಿ ರೈಟ್ ಕ್ಲಿಕ್, ವ್ಯೂ, ಅಲ್ಲಿ ಆಟೋ ಅರೇಂಜ್ ಐಕಾನ್ಸ್ ಮುಂದೆ ಟಿಕ್ ಇದ್ರೆ ತೆಗೀರಿ, ಅಲೈನ್ ಐಕಾನ್ಸ್ ಟು ಗ್ರಿಡ್ ಇರ್ಲಿ, ನೀಟಾಗಿ ಕೂರುತ್ತೆ. ಆಮೇಲೆ ನಾಳೆ ಕೊಡ್ಬೇಕಾದ ಫೈಲೆಲ್ಲಾ ಬಲಗಡೆ ಮೇಲಿನ ಮೂಲೆಗೆ, ಕೆಲಸ ಬಾಕಿ ಇರೋದು ಕೆಳಗಿನ ಮೂಲೆಗೆ, ನಡುವೆ ಎರಡು ಐಕಾನಿನಷ್ಟು ಖಾಲಿ ಜಾಗ ಬಿಡಿ. ಆ ಖಾಲಿ ಜಾಗ ಇರೋದ್ರಿಂದ ಒಂದೇ ಬಾಕ್ಸಲ್ಲಿ ಗುಂಪು ಪೂರ್ತಿ ಬರುತ್ತೆ, ಪಕ್ಕದ್ದು ತಾಗಲ್ಲ. ಅಂಗಡಿ ಟೇಬಲ್ ಮೇಲೆ ಕವರ್‌ಗಳನ್ನ ಗುಡ್ಡೆ ಗುಡ್ಡೆ ಇಡ್ತೀವಲ್ಲ ಹಂಗೆ. ಆದ್ರೆ ಅಲ್ಲಿ ರೈಟ್ ಕ್ಲಿಕ್ ಮಾಡಿ ಸಾರ್ಟ್ ಬೈ ಒತ್ತಿದ್ರೆ ಇಟ್ಟ ಗುಡ್ಡೆ ಎಲ್ಲಾ ಕಲೆಸಿ ಹೋಗುತ್ತೆ, ಅಂಗಡಿ ಹುಡುಗರಿಗೆ ಮುಂಚೇನೇ ಹೇಳಿಟ್ಟಿರಿ.

ಆರಿಸಿದ ತಕ್ಷಣ ಭದ್ರ ಮಾಡಿ

ಇಷ್ಟೆಲ್ಲಾ ಮಾಡಿ ಖಾಲಿ ಜಾಗದಲ್ಲಿ ಕಂಟ್ರೋಲ್ ಇಲ್ದೆ ಒಂದು ಕ್ಲಿಕ್ ಬಿದ್ರೆ ಎಲ್ಲಾ ಸೆಲೆಕ್ಷನ್ ಹೋಯ್ತು. ಮುನ್ನೂರನ್ನೂ ಒಂದೇ ಸಲ ಆರಿಸೋಕೆ ಹೋಗ್ಬೇಡಿ, ಒಂದೊಂದು ಶಾಸ್ತ್ರಕ್ಕೆ ಅಂತ ಮೂವತ್ತು ನಲವತ್ತು ಆದ ಕೂಡ್ಲೇ ಕಂಟ್ರೋಲ್ ಸಿ, ಮುಂಚೇನೇ ಮಾಡಿಟ್ಟಿರೋ ಆಲ್ಬಂ ಫೋಲ್ಡರಿಗೆ ಹೋಗಿ ಕಂಟ್ರೋಲ್ ವಿ. ಕಟ್ ಮಾಡ್ಬೇಡಿ, ಕಾಪಿನೇ ಮಾಡಿ, ಮೂಲ ಫೋಲ್ಡರಲ್ಲಿ ಎಲ್ಲಾ ಇದ್ದ ಹಾಗೇ ಇರ್ಲಿ, ಅಜ್ಜಿ ಎರಡು ದಿನ ಬಿಟ್ಟು ಬಂದು ನನ್ನ ತಂಗಿ ಇರೋ ಫೋಟೋ ಹಾಕ್ಲೇ ಇಲ್ಲ ಅಂತ ಕೇಳೇ ಕೇಳ್ತಾರೆ.

ಪೇಸ್ಟ್ ಆದ್ಮೇಲೆ ಹೊಸದಾಗಿ ಬಂದಿದ್ದೆಲ್ಲಾ ಅಲ್ಲಿ ಸೆಲೆಕ್ಟ್ ಆಗೇ ಇರುತ್ತೆ, ಕೆಳಗಿನ ನಂಬರ್ ಮೊದಲಿದ್ದ ನಂಬರಿಗೆ ಸರಿ ಹೋಗ್ಬೇಕು. ನಾನು ಅದನ್ನ ಬಿಲ್ ಬುಕ್ಕಿನ ಹಿಂದೆ ಬರೀತಾ ಹೋಗ್ತೀನಿ, ಚಪ್ಪರ 22, ಧಾರೆ 14, ಊಟ 9, ರಿಸೆಪ್ಷನ್ 41 ಅಂತ. ಅವತ್ತು ಆ ಮನೆಯವ್ರ ಲೆಕ್ಕ ಆ ಹುಡುಗನ ಕೈಯಲ್ಲೇ ಬರೆಸ್ದೆ, ಕೊನೇ ಎರಡು ಶಾಸ್ತ್ರ ಅವನೇ ಮೌಸ್ ಹಿಡಿದು ಆರಿಸ್ದ, ಅಜ್ಜಿ ಪಕ್ಕದಲ್ಲಿ ಕೂತು ಬೆರಳಲ್ಲಿ ತೋರಿಸ್ತಿದ್ರು.